ಅರಿವಿನ ಕೊರತೆ ಯಾರಿಗೆ ಸ್ವಾಮಿ?

'ನಿಮ್ಮ ಜನಕ್ಕೆ ಅರಿವಿನ ಕೊರತೆ ಕಣ್ರಪ್ಪ' ಎಂಬ ಮಾತನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಆರೋಗ್ಯ ಶಿಬಿರಕ್ಕೆ ಬರುವ ದೊಡ್ಡ ಡಾಕ್ಟರು ಇದನ್ನೇ ಹೇಳುತ್ತಾರೆ. ಉದ್ಘಾಟನೆಗೆ ಬರುವ ಶಾಸಕರೂ ಇದನ್ನೇ ಹೇಳುತ್ತಾರೆ. ಬ್ರೆಡ್ಡು ಬಾಳೆಹಣ್ಣು ಹಂಚಿ, ಫೋಟೋ ತೆಗೆಸಿಕೊಂಡು ಹೋಗುವ ಸೇವಾ ಸಂಸ್ಥೆಯವರೂ ಇದನ್ನೇ ಹೇಳುತ್ತಾರೆ. ಕೈ ತೊಳೀರಿ, ನೀರು ಕಾಯಿಸಿ ಕುಡೀರಿ, ಹಾಲು ಮೊಟ್ಟೆ ತಿನ್ನಿ, ಬಸುರಿ ಹೆಂಗಸು ಮಧ್ಯಾಹ್ನ ಎರಡು ಗಂಟೆ ಮಲಗಬೇಕು. ಎಲ್ಲ ಸರಿ ಸ್ವಾಮಿ. ಕೈ ತೊಳೆಯಲು ನೀರೆಲ್ಲಿ? ಕಾಯಿಸಲು ಸೌದೆ ಎಲ್ಲಿ? ಮಧ್ಯಾಹ್ನ ಮಲಗಿದ ಬಸುರಿಗೆ ಆ ದಿನದ ಕೂಲಿ ಕೊಡುವ ಧಣಿ ಎಲ್ಲಿದ್ದಾನೆ? ಈ ಮೂರು ಪ್ರಶ್ನೆಗೆ ಉತ್ತರ ಹೇಳದೆ ಜೀಪು ಹತ್ತುವವರಿಗೆ ಅರಿವಿನ ಕೊರತೆಯೋ, ನಮಗೋ?

1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮತ್ತು ಅವರ ಜನ ಕುಡಿದರು. ಅಷ್ಟಕ್ಕೇ ಆ ಕೆರೆಗೆ ಸಗಣಿ ಗಂಜಲ ಸುರಿದು 'ಶುದ್ಧಿ' ಮಾಡಿದರು. ನೀರಿಗೆ ಸಗಣಿ ಹಾಕಿ ಶುದ್ಧವಾಯಿತು ಎಂದು ನಂಬಿದ ಸಮಾಜ ನಮಗೆ ಇವತ್ತು ನೈರ್ಮಲ್ಯದ ಪಾಠ ಹೇಳುತ್ತಿದೆ. ಕೇಳಿಸಿಕೊಳ್ಳುವಷ್ಟು ತಾಳ್ಮೆ ನಮಗಿದೆ, ಆದರೆ ತಿರುಗಿ ಕೇಳುವ ಬಾಯಿಯೂ ಈಗ ಬಂದಿದೆ.

ನಮ್ಮ ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಕಂಡವರು ನಾವು. ಕೇರಿಯಲ್ಲಿ ಈ ಡಿಗ್ರಿಯ ಮುಖ್ಯ ಉಪಯೋಗ ಆಸ್ಪತ್ರೆ ಚೀಟಿ ಓದುವುದು. ಸಂಜೆ ಕೂಲಿಯಿಂದ ಬಂದ ಮೇಲೆ ಒಬ್ಬೊಬ್ಬರೇ ಬರುತ್ತಾರೆ. 'ಇದ್ರಾಗೆ ಏನ್ ಬರ್ದವ್ರೆ ನೋಡಪ್ಪ' ಎಂದು ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಮುಂದಿಡುತ್ತಾರೆ. ಬಿ.ಎ.ಯಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಓದಿದ ನಾವು ಆ ಇಂಗ್ಲಿಷ್ ಗೀಚನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತೇವೆ. ತನ್ನ ಮೈಯಿಂದ ಏನು ತೆಗೆದರು, ಮೈಯೊಳಕ್ಕೆ ಏನು ಹಾಕಿದರು ಎಂದು ತಿಳಿಯಲು ಒಬ್ಬ ತಾಯಿ ಪಕ್ಕದ ಮನೆ ಹುಡುಗನ ಡಿಗ್ರಿಗೆ ಕಾಯಬೇಕು. ಡಾಕ್ಟರು ಐದು ನಿಮಿಷ ಕನ್ನಡದಲ್ಲಿ ಮಾತಾಡಿದ್ದರೆ ಮುಗಿಯುತ್ತಿದ್ದ ಕೆಲಸ ಇದು. ಹೇಳಬೇಕಾದವರು ಹೇಳದೆ ಹೋದದ್ದಕ್ಕೆ ಕೇಳಬೇಕಾದವಳ ಅಜ್ಞಾನ ಅಂತ ಹೆಸರಿಡುವುದು ಯಾವ ನ್ಯಾಯ?

ಇದು ಹೊಸ ಕಥೆ ಅಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟರ ಸಂಗತಿ ದಾಖಲಿಸಿದ್ದಾರೆ. ಆ ಮೇಷ್ಟ್ರು ಬರೆದ ಪತ್ರ 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಮೇಷ್ಟರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಾಳೆ. ಕೇರಿಯೊಳಕ್ಕೆ ಬರುವುದಿಲ್ಲ, ಹೊರಗೆ ತಂದರೆ ನೋಡುತ್ತೇನೆ ಎಂದ ಡಾಕ್ಟರು. ಬಾಣಂತಿಯನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಆತ ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ. ಬಂದ ದಾರಿಯಲ್ಲೇ ಅದು ವಾಪಸ್ಸು ಹೋಯಿತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಎಂದ. ಆಕೆ ಸತ್ತಳು. ಹಳ್ಳಿ ಮೇಷ್ಟರುಗಳೇ, ಗಮನಿಸಿ. ಆತ ಅಕ್ಷರ ಬಲ್ಲವನು. ಹೆಂಡತಿಗೆ ಡಾಕ್ಟರು ಬೇಕೆಂಬ ಅರಿವಿತ್ತು. ಕೊಡಲು ಎರಡು ರೂಪಾಯಿ ಫೀಜೂ ಇತ್ತು. ಇಲ್ಲದೆ ಹೋದದ್ದು ಮುಟ್ಟುವ ಒಂದು ಕೈ.

ಈಗ ಕಾಲ ಬದಲಾಗಿದೆ ಅಂತೀರಿ. ಹೌದು, ಬದಲಾಗಿದೆ. ಈಗ ಮುಟ್ಟುತ್ತಾರೆ. ಹಣ ಬರುವಲ್ಲಿ ಕತ್ತರಿ ಹಿಡಿದೇ ಮುಟ್ಟುತ್ತಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯಿಂದ ಹೊರಬಿದ್ದ ಸುದ್ದಿಯನ್ನು ನಾವು ಮರೆಯುವುದು ಸಾಧ್ಯವಿಲ್ಲ. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಹೊಟ್ಟೆನೋವು, ಬಿಳಿಸೆರಗು, ಸೊಂಟನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದರು. ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದೆ ಅಂತ ಹೆದರಿಸಿದರು. ವಯಸ್ಸು ಮೂವತ್ತೈದು ದಾಟದ ಎಷ್ಟೋ ತಾಯಂದಿರ ಗರ್ಭಕೋಶ ಹೋಯಿತು. ಮಾತ್ರೆಯಲ್ಲಿ ವಾಸಿಯಾಗುವ ಸೋಂಕಿಗೆ ಕತ್ತರಿ ಹಾಕಿದರು. ಹೆಂಗಸರ ಸಂಘಟನೆಗಳು ಬೀದಿಗಿಳಿದ ಮೇಲೆ ತನಿಖೆಯಾಯಿತು, ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಆಮೇಲೆ? ತಾಂಡಾದ ಹೆಂಗಸು ಸೊಂಟ ಹಿಡಿದುಕೊಂಡೇ ತೊಗರಿ ಹೊಲಕ್ಕೆ ಹೋಗುತ್ತಾಳೆ.

ಇದೇ ಕಥೆ ಬೇರೆ ರೂಪದಲ್ಲಿ 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಬಂತು. ಕಬ್ಬು ಕಡಿಯುವ ಹೆಂಗಸು ಮುಟ್ಟಿನ ನೋವಿಗೆ ಒಂದು ದಿನ ಕೂತರೆ ಕೂಲಿ ಹೋಗ್ತದೆ, ಮೇಲೆ ದಂಡ ಬೀಳ್ತದೆ. ಗರ್ಭಕೋಶವೇ ಇಲ್ಲದಿದ್ದರೆ ರಜೆಯ ತಕರಾರೇ ಇಲ್ಲ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥದೇ ದೂರಿನ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಮಾರ್ಗಸೂಚಿ ಜಾರಿ ಮಾಡಬೇಕೆಂದು ಹೇಳಿತು. ಆ ಮಾರ್ಗಸೂಚಿಯ ಒಂದು ಹಾಳೆಯಾದರೂ ನಿಮ್ಮ ತಾಲ್ಲೂಕಿನ ನರ್ಸಿಂಗ್ ಹೋಮಿನ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಿದೆಯೇ? ಹೋಗಿ ನೋಡಿ ಬನ್ನಿ.

ಇನ್ನು ಚಾಮರಾಜನಗರ. 2021ರ ಮೇ 2 ಮತ್ತು 3ರ ನಡುವಿನ ಒಂದೇ ದಿನದಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂರೇ ಜನ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟು ನೇಮಿಸಿದ ಸಮಿತಿಯ ವರದಿ ಆ ಮಾತನ್ನು ಸುಳ್ಳು ಮಾಡಿತು. ಹೇಳಿ ಸ್ವಾಮಿ, ಆ ಜನಕ್ಕೆ ಯಾವ ಅರಿವಿನ ಕೊರತೆ ಇತ್ತು? ಅವರು ಮಂತ್ರವಾದಿ ಹತ್ತಿರ ಹೋಗಿರಲಿಲ್ಲ. ಸರ್ಕಾರದ ಮಾತು ಕೇಳಿ ಸರ್ಕಾರದ ಆಸ್ಪತ್ರೆಗೇ ಬಂದಿದ್ದರು. ಸರ್ಕಾರದ ಮಂಚದ ಮೇಲೇ ಮಲಗಿದ್ದರು. ಇಲ್ಲದೇ ಹೋದದ್ದು ಗಾಳಿ.

ಕ್ಷಯದ ಮಾತಿಗೆ ಬರೋಣ. ಮಾತ್ರೆ ಪುಕ್ಕಟೆ, ನಿಜ. ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗಿ ವಾಂತಿ ಮಾಡಿಕೊಳ್ಳುವವನನ್ನು 'ಅರ್ಧಕ್ಕೆ ಔಷಧಿ ಬಿಟ್ಟವನು' ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಅವನ ಹೊಟ್ಟೆ ಖಾಲಿ ಇತ್ತೆಂದು ಬರೆಯಲು ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯ ರೋಗಿಯ ಮನೆಯವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆ, ಜೊತೆಗೆ ಪೌಷ್ಟಿಕಾಂಶದ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಯಿತು. ನಮ್ಮ ಅಜ್ಜಿಯರು 'ಉಂಡ ಮೈಗೆ ರೋಗ ಹತ್ತಲ್ಲ ಕಣ್ಲಾ' ಅಂತಿದ್ದದ್ದನ್ನೇ ವಿಜ್ಞಾನ ಲೆಕ್ಕ ಹಾಕಿ ತೋರಿಸಿತು. ಸರ್ಕಾರ ರೋಗಿಗೆ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಟ್ಟಿತು, 2024ರ ನವೆಂಬರಿನಿಂದ 1,000 ಮಾಡಿತು. ಮೂವತ್ತು ದಿನಕ್ಕೆ ಭಾಗಿಸಿ ನೋಡಿ. ಆ ಕಾಸಿನಲ್ಲಿ ಹಾಲೂ ಮೊಟ್ಟೆಯೂ ತಿನ್ನಿ ಎಂದು ಹೇಳುವವರು ಒಂದು ತಿಂಗಳು ತಾವೇ ತಿಂದು ತೋರಿಸಲಿ.

ಊರಿನ ಆರೋಗ್ಯ ಕಾಯುವ ನಮ್ಮವರ ಆರೋಗ್ಯದ ಗತಿ ಏನು? ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಸವಲಿಂಗಪ್ಪನವರು ನಿಲ್ಲಿಸಿದರು. ಕೈಯಿಂದ ಮಲ ಬಳಿಸುವುದರ ವಿರುದ್ಧ 2013ರಲ್ಲಿ ಹೊಸ ಕಾನೂನೂ ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸಾಯುವುದು ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರುತ್ತದೆ, ಸಾವು ಇಳಿಯುವುದಿಲ್ಲ. ಊರಿಗೆ ಕಾಲರಾ ಬರಬಾರದೆಂದು ಗುಂಡಿಗೆ ಇಳಿದವನ ಸಾವು ಆರೋಗ್ಯ ಇಲಾಖೆಯ ಲೆಕ್ಕಕ್ಕೇ ಬರುವುದಿಲ್ಲ, ಪೊಲೀಸ್ ಠಾಣೆಯ ಲೆಕ್ಕಕ್ಕೆ ಹೋಗುತ್ತದೆ.

'ಎಲ್ಲದಕ್ಕೂ ಕಾರ್ಡು ಕೊಟ್ಟಿದ್ದೇವಲ್ಲ' ಅಂತಾರೆ. 2003ರಲ್ಲಿ ಯಶಸ್ವಿನಿ, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಹೃದಯದ ಆಪರೇಷನ್ನಿಗೆ, ಕ್ಯಾನ್ಸರಿಗೆ ಈ ಕಾರ್ಡು ನಮ್ಮವರ ಜೀವ ಉಳಿಸಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಡು ನಡೆಯುವುದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದಾಗ. ನಮ್ಮ ಮನೆ ಮುರಿಯುವುದು ಅದಕ್ಕೂ ಮೊದಲು: ಬಿ.ಪಿ. ಮಾತ್ರೆಗೆ, ಸಕ್ಕರೆ ಕಾಯಿಲೆ ಔಷಧಿಗೆ, ರಕ್ತ ಪರೀಕ್ಷೆಗೆ, ಬಸ್ ಚಾರ್ಜಿಗೆ, ಹೋದ ಕೂಲಿಗೆ. ದಿನದಿನದ ಕಾಯಿಲೆಗೆ ದುಡ್ಡಿಲ್ಲದೆ ಸುಮ್ಮನಿದ್ದು, ಅದು ಬಲಿತು ಪಾರ್ಶ್ವವಾಯು ಹೊಡೆದ ಮೇಲೆ ಕಾರ್ಡು ಹಿಡಿದು ನಗರಕ್ಕೆ ಓಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ ಬಡವಾಗುತ್ತದೆ, ಸರ್ಕಾರದ ದುಡ್ಡು ಖಾಸಗಿ ಆಸ್ಪತ್ರೆಯ ಗಲ್ಲಕ್ಕೆ ಬೀಳುತ್ತದೆ. ಹಣ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. 2025ರ ಹೊತ್ತಿಗೆ ಆರೋಗ್ಯಕ್ಕೆ ಸರ್ಕಾರದ ವೆಚ್ಚವನ್ನು ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆ ಪಾಲು ಮಾಡುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆಯಿತು. ಗಡುವು ಬಂತು, ಎರಡೂವರೆ ಬರಲಿಲ್ಲ.

ಖಾಸಗಿಯವರಿಗೆ ಲಗಾಮು ಹಾಕಲು ಹೋದರೆ ಏನಾಗುತ್ತದೆಂದು ನಾವು 2017ರಲ್ಲಿ ಕಂಡೆವು. ಚಿಕಿತ್ಸೆಗೆ ದರ ನಿಗದಿ, ರೋಗಿಗಳ ದೂರಿಗೆ ಸಮಿತಿ, ತಪ್ಪಿಗೆ ಜೈಲು ಎಂಬ ತಿದ್ದುಪಡಿ ಮಸೂದೆಯನ್ನು ಅಂದಿನ ಆರೋಗ್ಯ ಮಂತ್ರಿ ರಮೇಶ್ ಕುಮಾರ್ ತಂದರು. ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ರಾಜ್ಯದುದ್ದಕ್ಕೂ ಬಾಗಿಲು ಮುಚ್ಚಿ ಕೂತರು. ಕೆಲವು ಹಲ್ಲು ಕಿತ್ತ ಮೇಲೆಯೇ ಮಸೂದೆ ಪಾಸಾಯಿತು. ಕೂಲಿಯವರು ಒಂದು ದಿನ ರಸ್ತೆ ತಡೆದರೆ ರೋಗಿಗಳಿಗೆ ತೊಂದರೆ ಎಂದು ಸಂಪಾದಕೀಯ ಬರೆಯುವವರು ಆಗ ಎಲ್ಲಿದ್ದರು? ಬಾಕಿ ಹಣಕ್ಕೆ ಹೆಣ ಹಿಡಿದಿಟ್ಟುಕೊಳ್ಳಬಾರದು ಎಂಬುದಕ್ಕೂ ಆ ಕಾನೂನಿನಲ್ಲಿ ಜಾಗ ಬೇಕಾಯಿತು. ಹೆಣ ಅಡವಿಡುವ ನಾಗರಿಕತೆಗೆ ಕಾನೂನು ಬೇಕಾಯಿತಲ್ಲ, ಅದೇ ನಮಗೆ ನಾಚಿಕೆ.

ನಮ್ಮೊಳಗೂ ಹುಳುಕಿದೆ. ಕುಡಿತ ಇದೆ. ಮಗುವಿಗೆ ಜ್ವರ ಬಂದರೆ ಮೊದಲು ತಾಯತ ಕಟ್ಟಿಸುವುದಿದೆ. ಹೆಂಗಸಿಗೆ ಕೊನೆಯ ತುತ್ತು ಎಂಬ ಗಂಡಸರ ದೌಲತ್ತು ಕೇರಿಯಲ್ಲೂ ಇದೆ. ಇವುಗಳ ಮೇಲೆ ಜಗಳ ನಾವೇ ಮಾಡುತ್ತೇವೆ, ಮಾಡುತ್ತಿದ್ದೇವೆ. ಆದರೆ 2007ರಲ್ಲಿ ಸಾರಾಯಿ ನಿಲ್ಲಿಸಿದ ಸರ್ಕಾರವೇ ಹಳ್ಳಿ ಹಳ್ಳಿಯ ಪೆಟ್ಟಿಗೆ ಅಂಗಡಿಗೆ ಪ್ಯಾಕೆಟ್ ವಿಸ್ಕಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತದೆ. 'ಕುಡಿಯಬೇಡಿ' ಎಂಬ ಗೋಡೆಬರಹಕ್ಕೂ ಅಬಕಾರಿ ಆದಾಯದ ಗುರಿಗೂ ಬಿದ್ದಿರುವುದು ಒಂದೇ ಮೊಹರು. ತಾಯತದ ಮಾತಿಗೆ ಬಂದರೆ, ಡಾಕ್ಟರು ಹದಿನೈದು ಮೈಲಿ ಆಚೆ ಇರುವಾಗ ಪೂಜಾರಿ ಪಕ್ಕದ ಬೀದಿಯಲ್ಲಿರುತ್ತಾನೆ. ಪೂಜಾರಿಯನ್ನು ಓಡಿಸುವ ನೇರ ದಾರಿ ಡಾಕ್ಟರನ್ನು ಹತ್ತಿರ ತರುವುದೇ.

ಹತ್ತಿರ ಇರುವವಳು ಒಬ್ಬಳೇ, ಆಶಾ ಅಕ್ಕ. ಬಸುರಿಯನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವಳು, ಕೊರೊನಾ ಕಾಲದಲ್ಲಿ ಮನೆ ಮನೆ ಸುತ್ತಿ ಬೈಸಿಕೊಂಡವಳು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಅವಳನ್ನು ಸರ್ಕಾರ ಇವತ್ತಿಗೂ ನೌಕರಳು ಅನ್ನುವುದಿಲ್ಲ, 'ಕಾರ್ಯಕರ್ತೆ' ಅನ್ನುತ್ತದೆ. ಸಂಬಳ ಅನ್ನುವುದಿಲ್ಲ, 'ಗೌರವಧನ' ಅನ್ನುತ್ತದೆ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಾಗ ತಿಂಗಳಿಗೆ ಕನಿಷ್ಠ ಹತ್ತು ಸಾವಿರ ಸಿಗುವಂತೆ ಮಾಡುತ್ತೇವೆಂಬ ಭರವಸೆ ಸಿಕ್ಕಿತು. ಗೌರವದಿಂದ ಹೊಟ್ಟೆ ತುಂಬುವುದಾದರೆ ಮಂತ್ರಿಗಳೂ ಗೌರವಧನದಲ್ಲೇ ಬದುಕಲಿ.

ಗೆಳೆಯರೇ, ಬೈದು ಸುಮ್ಮನಾಗಲು ನಾವಿದನ್ನು ಬರೆಯಲಿಲ್ಲ. ಓದಿದ ಹುಡುಗ ಹುಡುಗಿಯರು ಕೇರಿಗೊಂದು ನೋಟ್‌ಬುಕ್ ಇಡಿ. ಯಾರು ಯಾವ ಕಾಯಿಲೆಗೆ ಎಲ್ಲಿಗೆ ಹೋದರು, ಎಷ್ಟು ಕೊಟ್ಟರು, ಯಾರು ಬೈದು ಕಳಿಸಿದರು, ಯಾವ ದಿನ ಡಾಕ್ಟರು ಇರಲಿಲ್ಲ, ಯಾವ ಮಾತ್ರೆ ಹೊರಗೆ ಬರೆದುಕೊಟ್ಟರು, ತಾರೀಖು ಸಮೇತ ಬರೆಯಿರಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿರಿ. ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಲ್ಲಿ ಕೇರಿಯ ಯಾರಿದ್ದಾರೆ, ಅದರ ದುಡ್ಡು ಎಲ್ಲಿ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ಆಪರೇಷನ್ನಿಗೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ವಿವರಿಸಿ ಎಂದು ಕೇಳಲು ಅಕ್ಕ ತಂಗಿಯರ ಜೊತೆ ಹೋಗಿರಿ. ಮೇಷ್ಟ್ರುಗಳು ಶಾಲೆಯಲ್ಲಿ ಕೈ ತೊಳೆಯುವ ಪಾಠ ಮಾಡುವ ದಿನವೇ ಕೇರಿಯ ನಲ್ಲಿಗೆ ಯಾಕೆ ನೀರು ಬರಲ್ಲ ಎಂಬ ಪಾಠವನ್ನೂ ಮಾಡಲಿ.

ಅವರು ಕೇಳುತ್ತಿರುವ ಅರಿವು ನಮಗೆ ಬಂದೇ ಬರುತ್ತದೆ. ಅದು ಬಂದ ದಿನ ನಾವು ಕೈಮುಗಿದು ಸಾಲಿನಲ್ಲಿ ನಿಂತಿರುವುದಿಲ್ಲ. ಲೆಕ್ಕದ ಪುಸ್ತಕ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇವೆ.