ಮಳೆ ಬಂತೆಂದು ನಿಲ್ಲುವ ವಾಕಿಂಗ್

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹುರುಪಿನಿಂದ ಶುರುವಾದ ಬೆಳಗಿನ ವಾಕಿಂಗ್ ಜೂನ್‌ನಲ್ಲಿ ಮಳೆ ಹಿಡಿದರೆ ನಿಂತುಬಿಡುತ್ತದೆ. ಸೋಮಾರಿತನವೆಂದು ಹಳಿಯುವುದು ಸುಲಭ. ಆದರೆ ತಪ್ಪಿರುವುದು ಹುರುಪೊಂದನ್ನೇ ನಂಬಿದ ಲೆಕ್ಕಾಚಾರದಲ್ಲಿ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರ ಪ್ರಕಾರ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕು. ನಡುವೆ ಒಂದು ದಿನ ತಪ್ಪಿದರೆ ಕೆಡುವಂಥದ್ದೇನಿಲ್ಲ. ‘ಒಮ್ಮೆ ತಪ್ಪಿತು, ಇನ್ನು ಆಗದು’ ಎನ್ನುವ ಧೋರಣೆಯೇ ಮಳೆಗಿಂತ ದೊಡ್ಡ ಅಡ್ಡಿ. ಆಗುಂಬೆಯ ಮಗ್ಗುಲಲ್ಲಿರುವವರು ಮಳೆಯನ್ನು ಆಕಸ್ಮಿಕವೆಂದು ಬಗೆಯುವಂತಿಲ್ಲ. ಒಣಕಟ್ಟಿಗೆ, ಹಪ್ಪಳ, ಸಂಡಿಗೆಗಳನ್ನು ಮೊದಲೇ ಕೂಡಿಡುವ ಸೀಮೆ ಇದು. ಹಾಗೆಯೇ, ಮಳೆಗಾಲದಲ್ಲಿ ಕಾಫಿ ಕುಡಿದ ಕೂಡಲೇ ಜಗುಲಿಯಲ್ಲಿ ಹದಿನೈದು ನಿಮಿಷ ಸೂರ್ಯನಮಸ್ಕಾರ ಎಂದು ಮೇ ತಿಂಗಳಲ್ಲೇ ಗೊತ್ತುಮಾಡಿಕೊಂಡರೆ ದಿನವೂ ಮನಸ್ಸನ್ನು ಪುಸಲಾಯಿಸಬೇಕಿಲ್ಲ.

ತೋಟ, ಗದ್ದೆಯಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತು ತರುವವರಿಗೆ ವಾಕಿಂಗಿನ ಉಪದೇಶ ಬೇಡ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಯಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ ದುಡಿಮೆಯನ್ನೂ ಮನೆಗೆಲಸವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ತೋಟಕ್ಕೂ ಬೈಕಿನಲ್ಲೇ ಹೋಗಿ, ಅಡಿಕೆ ಕೊನೆ ಕೊಯ್ಯುವ ಕೊನೆಗಾರನ ಕೆಲಸವನ್ನು ಕೆಳಗೆ ನಿಂತು ನೋಡುವವರು ಈ ವಾದದ ಮರೆಗೆ ಸರಿಯಬಾರದು. ಹೆಂಗಸರಿಗೆ ತಮ್ಮದೆನ್ನುವ ಬಿಡುವೇ ಇಲ್ಲವೆಂಬುದೂ ನಿಜ; ಅದಕ್ಕೆ ಮದ್ದು ಸ್ಫೂರ್ತಿಯ ಭಾಷಣವಲ್ಲ, ಮನೆಯವರೆಲ್ಲ ಕೆಲಸ ಹಂಚಿಕೊಳ್ಳುವುದು. ಮನಸ್ಸು ಬೇಕೇ ಬೇಕು. ಆದರೆ ಹೊತ್ತು, ಜಾಗ, ಜೊತೆ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಆ ಮನಸ್ಸು ಬಹಳ ದಿನ ಬಾಳುವುದಿಲ್ಲ.