ಎತ್ತಿನಹೊಳೆ ನಕ್ಷೆಯಲ್ಲಿ ಆರೋ ಕೀ ಎತ್ತ ಹೋಗಬೇಕು?

ಸಕಲೇಶಪುರ–ಆಲೂರು ಬೆಟ್ಟಗಳ ರಾಜಕಾರಣವನ್ನು ಒಂದರ ಹಿಂದೊಂದು ಸ್ಲೈಡ್ ಹಾಕಿ ವಿವರಿಸೋದು ಕಷ್ಟ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು 8 ವಿಯರ್‌ಗಳಲ್ಲಿ ತಡೆದು, 24.01 ಟಿಎಂಸಿಯನ್ನು ಪೂರ್ವಕ್ಕೆ ಒಯ್ಯುವುದು ಸರ್ಕಾರದ ಯೋಜನೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು. ಅದೇ ನೀರು ತನ್ನ ಪಾಡಿಗೆ ಪಶ್ಚಿಮಕ್ಕೆ ಹರಿದರೆ ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತೆ. ಇದರ ಜೊತೆಗೆ ಕಾಫಿ ತೋಟ, ಆನೆ, ಬೆಳೆ ಪರಿಹಾರ. ಎಲ್ಲಕ್ಕೂ ಒಂದಕ್ಕೊಂದು ನಂಟು.

ಇಂಥ ವಿಷಯಕ್ಕೆ ಹೇಳಿ ಮಾಡಿಸಿದ್ದು ಟಿಪ್ಪಣಿಗಳನ್ನು ಕಾರ್ಡುಗಳಂತೆ ಹರಡಿ, ಗೆರೆ ಎಳೆದು ಜೋಡಿಸುವ ಸಾಫ್ಟ್‌ವೇರ್. ಸಭೆಯಲ್ಲಿ ಇದನ್ನೇ ಪರದೆ ಮೇಲೆ ಹಾಕಿ ಮಾತಾಡಬಹುದು. ಆದರೆ ಇಂಥ ಎಷ್ಟೋ ಸಾಫ್ಟ್‌ವೇರ್‌ಗಳು ಮೌಸ್ ಹಿಡಿಯುವ ಕೈ, ಪರದೆ ನೋಡುವ ಕಣ್ಣು ಎರಡೂ ಇದೆ ಅಂತ ಮೊದಲೇ ಊಹಿಸಿಕೊಂಡಿರುತ್ತವೆ. ಕಣ್ಣು ಕಾಣದ ವಿದ್ಯಾರ್ಥಿ ಎನ್‌ವಿಡಿಎ ಥರದ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು, ಕೀಬೋರ್ಡಿನಿಂದಲೇ ಕಂಪ್ಯೂಟರ್ ನಡೆಸುತ್ತಾರೆ. ಕೈ ನಡುಗುವವರಿಗೂ ಕೀಬೋರ್ಡೇ ಗತಿ. ಕೀ ಒತ್ತಿದರೆ ಕಾರ್ಡಿನಿಂದ ಕಾರ್ಡಿಗೆ ಹೋಗಲು ಆಗದಿದ್ದರೆ ಅವರ ಪಾಲಿಗೆ ಆ ನಕ್ಷೆ ಬರೀ ಖಾಲಿ ಹಾಳೆ.

ಫ್ರೀಮೈಂಡ್, ಫ್ರೀಪ್ಲೇನ್‌ನಂಥ ಹಳೆಯ ಮುಕ್ತ ತಂತ್ರಾಂಶಗಳಲ್ಲಿ ಈ ತೊಡಕು ಕಡಿಮೆ. ಅಲ್ಲಿ ನಕ್ಷೆ ಮರದಂತೆ ಕವಲೊಡೆಯುತ್ತೆ. ಆರೋ ಕೀ ಒತ್ತಿದರೆ ಕೊಂಬೆಯಿಂದ ಕೊಂಬೆಗೆ ಹೋಗಬಹುದು, ಎಂಟರ್ ಒತ್ತಿದರೆ ಪಕ್ಕದಲ್ಲೇ ಹೊಸ ಟಿಪ್ಪಣಿ. ಕಾರ್ಡುಗಳನ್ನು ಎಲ್ಲಿ ಬೇಕಾದರೂ ಇಡಬಹುದಾದ ನಕ್ಷೆಯಲ್ಲಿ ಪ್ರಶ್ನೆ ಬೇರೆ. ‘ಎತ್ತಿನಹೊಳೆ’ ಕಾರ್ಡಿನ ಮೇಲೆ ನಿಂತು ಕೆಳಗಿನ ಬಾಣ ಒತ್ತಿದರೆ ಎಲ್ಲಿಗೆ ಹೋಗಬೇಕು? ಪರದೆಯಲ್ಲಿ ಕೆಳಗಿರುವ ಕಾರ್ಡಿಗಾ? ಗೆರೆ ಹಿಡಿದು ನೇತ್ರಾವತಿಗಾ? ಅಥವಾ ಭಾಷಣಕಾರರ ಕ್ರಮದಂತೆ ಕೋಲಾರಕ್ಕಾ?

ನನ್ನ ಪ್ರಕಾರ ಮೂರೂ ದಾರಿ ಬೇಕು. ಹತ್ತಿರದ ಕಾರ್ಡಿಗೆ ಹೋಗಲು ಒಂದು ಕೀ, ಗೆರೆ ಹಿಡಿದು ಹೋಗಲು ಇನ್ನೊಂದು, ಮಾತಿನ ಕ್ರಮಕ್ಕೆ ಮತ್ತೊಂದು. ಈಗ ಯಾವ ಕಾರ್ಡಿನ ಮೇಲಿದ್ದೇವೆ, ಅದರಿಂದ ಎಷ್ಟು ಗೆರೆ ಹೊರಟಿವೆ ಅಂತ ಸ್ಕ್ರೀನ್ ರೀಡರ್ ಕನ್ನಡದಲ್ಲೇ ಹೇಳಬೇಕು. ಬಂದ ದಾರಿಯಲ್ಲಿ ವಾಪಸ್ ಹೋಗಲೂ ಒಂದು ಕೀ ಇರಬೇಕು. ಮಾತಿನ ಕ್ರಮ ಒಂದೇ ಇದ್ದರೆ ಕೇಳುಗರು ಭಾಷಣಕಾರರ ವಾದದ ಹಿಂದೆಯೇ ನಡೆಯಬೇಕು. ಗೆರೆ ಹಿಡಿದು ತಾವೇ ಹೋಗಲು ಬಂದರೆ, ‘ಕೋಲಾರ ಸರಿ, ನೇತ್ರಾವತಿ ಕಡೆ ಏನಾಗುತ್ತೆ?’ ಅಂತ ಕೇಳಬಹುದು.

ಇದು ಔದಾರ್ಯದ ಮಾತಲ್ಲ, ಹಕ್ಕಿನದು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಕನಿಷ್ಠ ಮಾನದಂಡ ಕಡ್ಡಾಯವಾಗಿರಬೇಕು, ಬರೀ ಸಲಹೆಯಾಗಿದ್ದರೆ ಸಾಲದು ಎಂದಿತು. 2025ರ ಏಪ್ರಿಲ್ 30ರ ತೀರ್ಪು ಡಿಜಿಟಲ್ ಸೌಲಭ್ಯ ಬಳಸುವುದನ್ನು ಸಂವಿಧಾನದ 21ನೇ ವಿಧಿಯ ಭಾಗ ಎಂದಿತು.

ಹಾಗಾಗಿ ನಮ್ಮ ಕಾಲೇಜು, ಇಲಾಖೆ, ಸಂಘಟನೆಗಳು ಇಂಥ ಸಾಫ್ಟ್‌ವೇರ್ ಆರಿಸುವ ಮುಂಚೆ ಒಂದು ಸುಲಭ ಪರೀಕ್ಷೆ ಮಾಡಲಿ: ಮೌಸ್ ಕಿತ್ತು ಪಕ್ಕಕ್ಕಿಡಿ, ನಕ್ಷೆಯ ಈ ತುದಿಯಿಂದ ಆ ತುದಿಗೆ ಹೋಗಿ ಬನ್ನಿ. ಆಗದಿದ್ದರೆ ಅದಕ್ಕೆ ಸಾರ್ವಜನಿಕ ದುಡ್ಡು ಕೊಡಬೇಡಿ. ಬೆಟ್ಟದ ನೀರು ಎಲ್ಲಿಗೆ ಹೋಗಬೇಕು ಅನ್ನೋ ಚರ್ಚೆಯಲ್ಲಿ ಇವರಿಗೂ ಮಾತಿದೆ.