ಮಾರ್ಚ್‌ನಲ್ಲಿ ಸುರಿದ ಸಿಸಿ ರಸ್ತೆ, ಮೂರು ವರ್ಷಕ್ಕೆ ಪುಡಿ: ಸಿಮೆಂಟಿನ ಹೊಗೆಗೆ ಲೆಕ್ಕ ಕೊಡುವವರು ಯಾರು?

ಫೆಬ್ರವರಿ ಬಂತೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮಿಕ್ಸರ್ ಸದ್ದು ಶುರುವಾಗುತ್ತದೆ. ದೀಪಾವಳಿಯಿಂದ ಸುಮ್ಮನಿದ್ದ ಗುತ್ತಿಗೆದಾರರಿಗೆ ಒಮ್ಮೆಲೇ ಅವಸರ. ಮಾರ್ಚ್ 31ರೊಳಗೆ ಬಿಲ್ ಆಗಬೇಕಲ್ಲ! ಹೀಗಾಗಿ ಬಿಸಿಲು 40 ಡಿಗ್ರಿಯತ್ತ ಏರುವ, ಬೋರ್‌ವೆಲ್ ಬತ್ತುವ, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ದಿನಗಳಲ್ಲೇ ನಮ್ಮ ಓಣಿಗಳಿಗೆ ಕಾಂಕ್ರೀಟ್ ಬೀಳುತ್ತದೆ. ಕಾಂಕ್ರೀಟಿಗೆ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ.

ಸಿಮೆಂಟಿನಿಂದ ಪರಿಸರಕ್ಕೆ ಹಾನಿ ಎಂದರೆ ನಮ್ಮವರು ನಗುತ್ತಾರೆ, ಅದು ಬೆಂಗಳೂರಿನ ಮಾತು ಎನ್ನುತ್ತಾರೆ. ಆದರೆ ಸಿಮೆಂಟ್ ಹುಟ್ಟುವುದೇ ನಮ್ಮಲ್ಲಿ. ವಾಡಿ, ಸೇಡಂ, ಮಳಖೇಡದ ಚಿಮಣಿಗಳನ್ನು ನೋಡುತ್ತಲೇ ನಾವು ದೊಡ್ಡವರಾದದ್ದು. ಗಣಿ ಗುಂಡಿ ನಮ್ಮದು, ಲಾರಿ ಧೂಳು ನಮ್ಮದು. ಮಾತು ಮೊದಲು ಶುರುವಾಗಬೇಕಾದ್ದೂ ನಮ್ಮಲ್ಲೇ.

ಸಿಮೆಂಟ್ ಹೇಗೆ ಆಗುತ್ತದೆ ನೋಡಿ. ಸುಣ್ಣದ ಕಲ್ಲನ್ನು ಪುಡಿ ಮಾಡಿ, ಜೇಡಿ ಮಣ್ಣಿನಂಥದ್ದನ್ನು ಬೆರೆಸಿ, ಸುಮಾರು 1,450 ಡಿಗ್ರಿಯಲ್ಲಿ ಸುಡುತ್ತಾರೆ. ಅಪ್ಪಟ ಸುಣ್ಣದ ಕಲ್ಲು 100 ಕೆ.ಜಿ. ಸುಟ್ಟರೆ ಸುಣ್ಣವಾಗಿ ಉಳಿಯುವುದು 56 ಕೆ.ಜಿ., ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುವುದು 44 ಕೆ.ಜಿ. ಇದು ಕಲ್ಲಿನ ಒಳಗಿಂದಲೇ ಬರುವ ಅನಿಲ. ಕಲ್ಲಿದ್ದಲಿನ ಹೊಗೆ ಬೇರೆಯೇ ಇದೆ. ಕಾರ್ಖಾನೆ ನಾಳೆ ಪೂರ್ತಿ ಸೌರಶಕ್ತಿಯಲ್ಲಿ ನಡೆದರೂ ಈ 44 ಕೆ.ಜಿ. ತಪ್ಪುವುದಿಲ್ಲ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ಒಂದರದೇ ಪಾಲು. ಚೀನಾ ಬಿಟ್ಟರೆ ಅತಿ ಹೆಚ್ಚು ಸಿಮೆಂಟ್ ಮಾಡುವ ದೇಶ ನಮ್ಮದು.

ಈಗ ಓಣಿಗೆ ಬನ್ನಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ರಸ್ತೆ ಎಂದರೆ 45 ಘನ ಮೀಟರ್ ಕಾಂಕ್ರೀಟ್. ಎಂ-20 ದರ್ಜೆಯ 1:1.5:3 ಮಿಶ್ರಣವಾದರೆ ಘನ ಮೀಟರಿಗೆ ಸುಮಾರು 8 ಚೀಲ, ಒಟ್ಟು 360 ಚೀಲ, ಅಂದರೆ 18 ಟನ್ ಸಿಮೆಂಟ್. ಸಾದಾ ಓಪಿಸಿ ಸಿಮೆಂಟ್ ಹಾಕಿದರೆ ಅದರ ಹಿಂದೆ ಸುಮಾರು 15 ಟನ್ ಇಂಗಾಲದ ಡೈಆಕ್ಸೈಡ್ ಇರುತ್ತದೆ. ರಸ್ತೆ 25 ವರ್ಷ ಬಾಳಿದರೆ ಆ 15 ಟನ್ನಿಗೆ ಒಂದು ಅರ್ಥವಿದೆ. ಮೂರು ವರ್ಷಕ್ಕೆ ಕಿತ್ತು ಹೋಗಿ, ಅದರ ಮೇಲೆಯೇ ಇನ್ನೊಂದು ಪದರ ಸುರಿದರೆ 30 ಟನ್. ನಾನು ಹೇಳಬೇಕಾದ್ದು ಇಷ್ಟೇ: ನಮ್ಮ ಹಳ್ಳಿಗಳಲ್ಲಿ ಅತಿ ಹೆಚ್ಚು ಮಾಲಿನ್ಯ ಮಾಡುವುದು ಎರಡೆರಡು ಸಲ ಸುರಿಯುವ ಕಾಂಕ್ರೀಟ್.

ಯಾಕೆ ಕಿತ್ತು ಹೋಗುತ್ತದೆ? "ಸಿಮೆಂಟ್ ತಿಂದಾರ" ಎಂದು ಕಟ್ಟೆ ಮೇಲೆ ಕೂತು ನಾವು ಹೇಳುತ್ತೇವೆ. ತಿಂದಿರಬಹುದು. ಆದರೆ ಅಳತೆ ಪ್ರಕಾರ ಸಿಮೆಂಟ್ ಹಾಕಿದ ರಸ್ತೆಯೂ ಹಾಳಾಗುತ್ತದೆ, ಯಾಕೆಂದರೆ ನೀರು ಹೊಡೆಯುವುದಿಲ್ಲ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಐಎಸ್ 456 ಎಂಬ ಸರ್ಕಾರಿ ಮಾನದಂಡವೇ ಇದೆ: ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್. ಬಿಸಿ, ಒಣ ಹವೆ ಇದ್ದರೆ 10 ಮತ್ತು 14 ದಿನ ಮಾಡಿ ಎನ್ನುತ್ತದೆ. ಮಾರ್ಚ್‌ನ ಕಲಬುರಗಿಗಿಂತ ಬಿಸಿ, ಒಣ ಹವೆ ಬೇಕೇ? ನಮ್ಮಲ್ಲಿ ಎರಡು ದಿನ ಗೋಣಿಚೀಲ ಹಾಸಿ, ಬೆಳಿಗ್ಗೆ ಒಂದು ಸಲ ನೀರು ಚಿಮುಕಿಸಿ, ಮೂರನೇ ದಿನ ಟ್ರ್ಯಾಕ್ಟರ್ ಬಿಡುತ್ತಾರೆ. ಮಾಲು ಸುಲಭವಾಗಿ ಹರಡಲಿ ಎಂದು ಮಿಕ್ಸರಿಗೆ ಬಕೆಟ್‌ಗಟ್ಟಲೆ ನೀರು ಸುರಿಯುವ ಅದೇ ಕೈ, ಹರಡಿದ ಮೇಲೆ ಒಂದು ಕೊಡ ಹಾಕುವುದಿಲ್ಲ. ಎರಡೂ ಉಲ್ಟಾ. ಮೊದಲು ಹಾಕಿದ ಹೆಚ್ಚಿನ ನೀರು ಕಾಂಕ್ರೀಟಿನ ಶಕ್ತಿ ಕಳೆಯುತ್ತದೆ, ಆಮೇಲೆ ಹಾಕದ ನೀರು ಉಳಿದದ್ದನ್ನೂ ಕಳೆಯುತ್ತದೆ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ಅದನ್ನು ಅಗೆದು, ಮುರುಮ್ ತುಂಬಿ, ರೋಲರ್ ಹೊಡೆಯದೆ ಮೇಲೆ ಎಷ್ಟು ಸಿಮೆಂಟ್ ಸುರಿದರೂ ಬಿರುಕು ಬಿಡಲೇಬೇಕು. ಕೆಳಗಿನ ಕೆಲಸ ಫೋಟೊದಲ್ಲಿ ಕಾಣುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ.

ಹಳೇ ರಸ್ತೆ ಒಡೆಯದೆ ಮೇಲೆಯೇ ಪದರ ಹಾಕುತ್ತ ಹೋದರೆ ಇನ್ನೊಂದು ಕಾಟ. ರಸ್ತೆ ಏರುತ್ತದೆ, ಮನೆ ಇಳಿಯುತ್ತದೆ. ಮಳೆ ಬಂದರೆ ಗಟಾರದ ನೀರು ಸೀದಾ ಪಡಸಾಲೆಗೆ. ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಬಿದ್ದ ಓಣಿಯಲ್ಲಿ ನೀರು ಇಂಗಲು ಒಂದು ಗೇಣು ಮಣ್ಣೂ ಇಲ್ಲ, ಆಮೇಲೆ ಬೋರ್ ಬತ್ತಿತೆಂದು ಅರ್ಜಿ ಕೊಡುತ್ತೇವೆ.

ಸಿಮೆಂಟಿನ ಆಯ್ಕೆಯಲ್ಲೂ ಉಳಿತಾಯವಿದೆ. ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಅದರಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರುತ್ತದೆ. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಸುಟ್ಟಾಗ ಬರುವ ಬೂದಿ ಇದು. ಪಿಎಸ್‌ಸಿ ಎಂದಿದ್ದರೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಇರುತ್ತದೆ, ಶೇ 25ರಿಂದ 70ರವರೆಗೂ. ಅಷ್ಟು ಸುಣ್ಣದ ಕಲ್ಲು ಸುಡುವುದು ತಪ್ಪಿತು. ಶೇ 30 ಬೂದಿ ಇರುವ ಪಿಪಿಸಿ ಹಾಕಿದರೆ ಮೇಲಿನ ಲೆಕ್ಕದ ರಸ್ತೆಯಲ್ಲಿ ನಾಲ್ಕು ಟನ್‌ನಷ್ಟು ಉಳಿಯುತ್ತದೆ. "ಬೂದಿ ಸಿಮೆಂಟ್ ಕಚ್ಚಾ" ಎನ್ನುವ ಗೌಂಡಿಗಳಿದ್ದಾರೆ. ಅದು ಕಚ್ಚಾ ಅಲ್ಲ, ನಿಧಾನ. ಮೊದಲ ವಾರ ಹಿಂದೆ ಇರುತ್ತದೆ, ನೀರು ಕೊಟ್ಟರೆ ತಿಂಗಳುಗಳಲ್ಲಿ ಸರಿಗಟ್ಟುತ್ತದೆ. ನೀರು ಕೊಡದಿದ್ದರೆ ಮಾತ್ರ ಸಾದಾ ಸಿಮೆಂಟಿಗಿಂತ ಬೇಗ ಕೈಕೊಡುತ್ತದೆ. ಪಿಪಿಸಿಯಿಂದ ನಾಲ್ಕು ಟನ್ ಉಳಿಸಿ, ಕ್ಯೂರಿಂಗ್ ಮಾಡದೆ ರಸ್ತೆ ಕೆಡಿಸಿ, ಇನ್ನೂ 11 ಟನ್ ಸುಡುವುದಕ್ಕೆ ಹಸಿರು ಎಂದು ಹೆಸರಿಟ್ಟರೆ ಆಯಿತೇ?

ಇನ್ನು ನಮ್ಮ ಶಹಾಬಾದ್ ಪರಸಿ. ಅದೂ ಸುಣ್ಣದ ಕಲ್ಲೇ. ವ್ಯತ್ಯಾಸ ಇಷ್ಟೇ, ಅದನ್ನು ಸುಡುವುದಿಲ್ಲ, ಕತ್ತರಿಸಿ ಹಾಸುತ್ತಾರೆ. ನಮ್ಮ ಅಜ್ಜಂದಿರ ಮನೆಯ ನೆಲ, ಅಂಗಳ, ದನದ ಕೊಟ್ಟಿಗೆ ಎಲ್ಲ ಅದರದೇ. ಟ್ರ್ಯಾಕ್ಟರ್ ಓಡುವ ಮುಖ್ಯ ಬೀದಿಗೆ ತೆಳು ಪರಸಿ ತಡೆಯದು, ಒಪ್ಪುತ್ತೇನೆ. ಆದರೆ ಎರಡು ಎಮ್ಮೆ ಒಟ್ಟಿಗೆ ಹೋಗಲಾಗದ ಸಂದಿಗೂ ಸಿಸಿ ಯಾಕೆ? ಪಾಲಿಶ್ ಇಲ್ಲದ ಪರಸಿ ಹಾಸಿದರೆ ನಾಳೆ ಪೈಪು ಒಡೆದಾಗ ನಾಲ್ಕು ಕಲ್ಲು ಎತ್ತಿ ಮತ್ತೆ ಕೂರಿಸಬಹುದು. ಸಿಸಿ ಆದರೆ ಬ್ರೇಕರ್ ತಂದು ಒಡೆಯಬೇಕು. ಮನೆ ಮನೆಗೆ ನಲ್ಲಿ ಕೊಡಲು ಹೋದ ವರ್ಷ ಹಾಕಿದ ರಸ್ತೆಯನ್ನು ಈ ವರ್ಷ ಅಗೆದದ್ದನ್ನು ಯಾವ ಊರಿನವರು ನೋಡಿಲ್ಲ?

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ನ್ಯಾಯದ ಆಕ್ಷೇಪ. ಮೊಣಕಾಲುದ್ದ ಕೆಸರಿನಲ್ಲಿ ಶಾಲೆಗೆ ಹೋದವರಿಗೆ, ಬಸುರಿಯನ್ನು ಆಂಬುಲೆನ್ಸ್ ತನಕ ಹೊತ್ತು ತಂದವರಿಗೆ ಹೊಗೆಯ ಪಾಠ ಯಾಕೆ? ದಲಿತ ಓಣಿಗೆ ಎಲ್ಲಕ್ಕಿಂತ ಕೊನೆಗೆ ಕಾಂಕ್ರೀಟ್ ಬಂದ ಊರುಗಳಿವೆ. ಅಲ್ಲಿ ನಿಂತು ಸಿಮೆಂಟ್ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ, ಬರಬಾರದು ಕೂಡ. ಆದರೆ ಮೂರು ವರ್ಷಕ್ಕೆ ಪುಡಿಯಾಗಿ ಮತ್ತೆ ಕೆಸರಾಗುವ ರಸ್ತೆ ಅವರಿಗೆ ಮಾಡಿದ ಎರಡನೇ ಮೋಸ. ಗಟ್ಟಿ ರಸ್ತೆ ಕೇಳುವುದು ಅವರ ಹಕ್ಕು. ಆ ಗಟ್ಟಿತನದಲ್ಲೇ ಹೊಗೆಯ ಉಳಿತಾಯವೂ ಇದೆ.

ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನೂ ಜೆಇ ಅವರನ್ನೂ ಕೇಳಿ. ಕೆಲಸ ಮಾರ್ಚ್‌ಗೇ ಯಾಕೆ, ನವೆಂಬರ್‌ನಲ್ಲಿ ಯಾಕಿಲ್ಲ? ಕ್ಯೂರಿಂಗ್ ನೀರು ಎಲ್ಲಿಂದ, ಎಷ್ಟು ದಿನ? 14 ದಿನ ನೀರು ಕಂಡ ಮೇಲೆಯೇ ಬಿಲ್ ಎಂದು ಠರಾವು ಬರೆಸಿ. ಕಾಂಕ್ರೀಟ್ ಸುರಿಯುವ ಮುಂಚೆ ಎರಡೂ ಬದಿಯ ಹಲಗೆಗಳ ಮೇಲೆ ದಾರ ಎಳೆದು, ನಡುವೆ ಟೇಪ್ ಹಿಡಿಯಿರಿ. ಅಂಚಿನಲ್ಲಿ 6 ಇಂಚು, ನಡುವೆ 3 ಇಂಚು ಮಾಡುವ ಆಟ ಅಲ್ಲೇ ಸಿಕ್ಕಿಬೀಳುತ್ತದೆ. 28 ದಿನದ ಕ್ಯೂಬ್ ಪರೀಕ್ಷೆಯ ವರದಿ ಕೇಳಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ ಸಿಗುವುದು ಹಲವರಿಗೆ ಗೊತ್ತು. 2005ರ ಆ ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ನಿಮ್ಮ ಓಣಿಯ ಕಾಂಕ್ರೀಟಿನ ಒಂದು ತುಂಡನ್ನು ಕಾನೂನು ಪ್ರಕಾರವೇ ಕೇಳಬಹುದು.